ಮೂರು ಅಡಿ ಫಿಲ್ಮಿನಲ್ಲಿ ಪಂಢರಿಬಾಯಿ: ಚಲನಚಿತ್ರ ಅಕಾಡೆಮಿಗೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ಚಲನಚಿತ್ರ ಅಕಾಡೆಮಿ, ಬೆಂಗಳೂರು

ಮಾನ್ಯರೇ,

ನನ್ನ ತಂದೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಮಳೆಗಾಲ ಕಳೆದು ಬಯಲಿನ ನೀರು ಆರಿದ ಮೇಲೆ ಕರಾವಳಿಯ ಊರುಗಳಲ್ಲಿ ಟೆಂಟು ಏಳುತ್ತಿತ್ತು. ಮತ್ತೆ ಮುಂಗಾರಿನ ಮೋಡ ಕಾಣಿಸುವವರೆಗೆ ಅವರು ಮನೆಗೆ ಬರುತ್ತಿದ್ದುದು ಅಪರೂಪ. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಉಳಿದಿತ್ತು. ಹೋದ ವರ್ಷ ಅದನ್ನು ಕೆಳಗಿಳಿಸಿ ತೆರೆದೆ. ಉರಿದು ಮೋಟಾದ ಕಾರ್ಬನ್ ಕಡ್ಡಿಗಳು, ಒಣಗಿ ಕಲ್ಲಾದ ಫಿಲ್ಮ್ ಸಿಮೆಂಟಿನ ಸೀಸೆ, ತುಕ್ಕು ಹಿಡಿದ ಬ್ಲೇಡು, ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಒಂದು ತುಂಡು ಫಿಲ್ಮು. ಪತ್ರಿಕೆ ಬಿಚ್ಚುತ್ತಿದ್ದಂತೆ ಮೂಗಿಗೆ ಅಡರಿದ್ದು ಕೆಟ್ಟ ಉಪ್ಪಿನಕಾಯಿ ಜಾಡಿಯಂಥ ಹುಳಿ ವಾಸನೆ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪಂಢರಿಬಾಯಿ. 1965ರ 'ಸತ್ಯ ಹರಿಶ್ಚಂದ್ರ'ದ ಚಂದ್ರಮತಿ. ಎಣಿಸಿದೆ: 48 ಚೌಕಗಳು, ಮೂರು ಅಡಿ ಉದ್ದ. ಮೊದಲ ಚೌಕದಲ್ಲಿ ಅವರ ಕಣ್ಣು ಮುಚ್ಚಿದೆ. ಇಪ್ಪತ್ತು, ಇಪ್ಪತ್ತೆರಡನೆಯ ಚೌಕದ ಹೊತ್ತಿಗೆ ಹುಬ್ಬುಗಳ ನಡುವೆ ಸಣ್ಣದೊಂದು ಸೆಳೆತ ಕಾಣುತ್ತದೆ. ಆಮೇಲೆ ರೆಪ್ಪೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೇರುತ್ತ ಹೋಗಿ ಕೊನೆಯ ಚೌಕದಲ್ಲಿ ಕಣ್ಣು ಪೂರ್ತಿ ತೆರೆದಿದೆ. ಪರದೆಯ ಮೇಲೆ ಇದಿಷ್ಟೂ ಎರಡೇ ಸೆಕೆಂಡು.

ಈ ತುಂಡಿನ ಕಥೆಯನ್ನು ಅಪ್ಪ ಹೇಳಿದ್ದು ನೆನಪಿದೆ. ಅಂಚಿನ ತೂತುಗಳು ಸಾಲಾಗಿ ಕಿತ್ತುಹೋಗಿ ಫಿಲ್ಮು ಪ್ರಾಜೆಕ್ಟರಿನ ಹಲ್ಲಿಗೆ ಸಿಗದಾದಾಗ, ಬೇರೆ ದಾರಿ ಕಾಣದೆ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಿ ರೀಲು ಓಡಿಸಿದ್ದರು. ಕತ್ತರಿಸಿದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. "ಆ ಊರಿನವರಿಗೆ ಆಯಮ್ಮ ಕಣ್ಣು ತೆರೆದದ್ದು ಕಾಣಿಸಲೇ ಇಲ್ಲ" ಎಂದು ಎಷ್ಟೋ ವರ್ಷಗಳ ಮೇಲೂ ಪೇಚಾಡಿಕೊಳ್ಳುತ್ತಿದ್ದರು. ಈ ಪತ್ರ ಬರೆಯುವುದಕ್ಕೆ ಆ ಮೂರು ಅಡಿಯೇ ಕಾರಣ.

ಪಂಢರಿಬಾಯಿಯವರ ಹೆಸರೆತ್ತಿದರೆ ನಮ್ಮಲ್ಲಿ ಥಟ್ಟನೆ ಬರುವ ಮಾತು, "ಡಾ. ರಾಜಕುಮಾರ್ ಅವರ ಮೊದಲ ನಾಯಕಿ." ತಮಿಳುನಾಡಿನಲ್ಲಿ ಕೇಳಿದರೆ "ಶಿವಾಜಿ ಗಣೇಶನ್ ಅವರ ಮೊದಲ ನಾಯಕಿ" ಎನ್ನುತ್ತಾರೆ. ಎರಡೂ ನಿಜ, ಎರಡೂ ಹೆಮ್ಮೆಯ ಮಾತೇ. ಆದರೆ ಈ ಲೆಕ್ಕವನ್ನು ತಿರುಗಿಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. 1952ರ 'ಪರಾಶಕ್ತಿ'ಯಲ್ಲಿ ಮೊದಲ ಬಾರಿಗೆ ಬೆಳ್ಳಿತೆರೆಗೆ ಬಂದವರು ಶಿವಾಜಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಮೊದಲ ಬಾರಿಗೆ ನಾಯಕನಾದವರು ಮುತ್ತುರಾಜ್, ಅಂದರೆ ಮುಂದಿನ ರಾಜಕುಮಾರ್. ಆ ಎರಡೂ ಹೊತ್ತಿನಲ್ಲಿ ಪಂಢರಿಬಾಯಿ ಹೊಸಬರಾಗಿರಲಿಲ್ಲ. 1943ರಿಂದಲೇ ಅವರಿಗೆ ಕ್ಯಾಮೆರಾದ ಪರಿಚಯವಿತ್ತು. ದಕ್ಷಿಣದ ಇಬ್ಬರು ಮಹಾನಟರು ತಮ್ಮ ಮೊದಲ ಹೆಜ್ಜೆ ಇಟ್ಟದ್ದು ಈ ನುರಿತ ನಟಿಯ ಎದುರಿನಲ್ಲಿ. ಹೊಸಬನೊಬ್ಬನ ಎದುರು ಮಾತು ಎತ್ತಿಕೊಡುವವರು, ಲಯ ತಪ್ಪದಂತೆ ಹಿಡಿದುಕೊಳ್ಳುವವರು ಸರಿಯಾಗಿದ್ದರೆ ಅವನ ಅರ್ಧ ಭಯ ಕಳೆಯುತ್ತದೆ ಎಂಬುದನ್ನು ನಾಟಕ ಕಟ್ಟಿದವರು ಬಲ್ಲರು.

ಅವರು ನಾಟಕದಿಂದಲೇ ಬಂದವರು. ಹುಟ್ಟಿದ್ದು ನಮ್ಮ ಉತ್ತರ ಕನ್ನಡದ ಭಟ್ಕಳದಲ್ಲಿ. ಸಿನಿಮಾಕ್ಕೆ ಮುಂಚೆ ಪೌರಾಣಿಕ ನಾಟಕ, ಹರಿಕಥೆ. ಹರಿಕಥೆ ಮಾಡುವವರಿಗೆ ಪರದೆ ಇಲ್ಲ, ವೇಷ ಬದಲಿಸಲು ಬಿಡುವಿಲ್ಲ. ನಿಂತಲ್ಲೇ ಕಥೆ ಹೇಳುವವರು ತಾನೇ, ದೇವರು ತಾನೇ, ದೇವರೊಡನೆ ಜಗಳವಾಡುವ ಭಕ್ತನೂ ತಾನೇ. ಕಂಠವನ್ನು ಒಂದು ಮೆಟ್ಟಿಲು ಇಳಿಸಿದರೆ ಅತ್ತೆ, ಏರಿಸಿದರೆ ಸೊಸೆ. ಮುಂದೆ ಅರ್ಧ ಶತಮಾನ ಸಿನಿಮಾದಲ್ಲಿ ಅವರು ದನಿಯಿಂದಲೇ ಮಾಡಿ ತೋರಿಸಿದ್ದರ ಗುಟ್ಟು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅಮ್ಮನ ಪಾತ್ರಗಳಲ್ಲಿ ಅವರು ಗಂಟಲು ಹರಿದುಕೊಂಡು ಅತ್ತದ್ದು ನನಗೆ ನೆನಪಿಲ್ಲ. ವಾಕ್ಯದ ಕೊನೆಯ ಪದವನ್ನು ನುಂಗಿಕೊಳ್ಳುತ್ತಿದ್ದರು, ಅಷ್ಟೇ. ಟೆಂಟಿನ ಮರಳಿನ ಮೇಲೆ ಕುಳಿತ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದುದು ಆ ನುಂಗಿದ ಪದಕ್ಕೆ.

ಅವರ ಮೊದಲ ಚಿತ್ರ 'ವಾಣಿ'. ನಾಟಕರಂಗದ ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ, ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಆಸೆಪಟ್ಟು ತಯಾರಿಸಿದ ಚಿತ್ರ. ಅದರಲ್ಲಿ ಚೆಂಬೈ ವೈದ್ಯನಾಥ ಭಾಗವತರು ಹಾಡುವ, ಚೌಡಯ್ಯನವರು ಪಿಟೀಲು ನುಡಿಸುವ, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ ನುಡಿಸುವ ಕಛೇರಿಯೊಂದಿದೆ. ಸಂಗೀತಪ್ರಿಯರು ಆ ತುಣುಕನ್ನು ಇಂದಿಗೂ ಒಬ್ಬರಿಂದೊಬ್ಬರು ಪಡೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಬೇಕು ಅನ್ನಿಸಿದವರಿದ್ದರೆ 1943ರ ಫಿಲ್ಮು ಕೂಡ ಉಳಿಯುತ್ತದೆ. ಭಟ್ಕಳದ ಆ ಹುಡುಗಿ ಮೊದಲ ಸಲ ಕ್ಯಾಮೆರಾದ ಮುಂದೆ ನಿಂತ ದೃಶ್ಯಗಳು ಎಲ್ಲಿವೆ? ಇದು ನಾನು ಅಕಾಡೆಮಿಯನ್ನು ಕೇಳುವ ಮೊದಲ ಪ್ರಶ್ನೆ.

ಆಮೇಲೆ ಮದರಾಸು, ಎವಿಎಂ ಸ್ಟುಡಿಯೊ. 1951ರಲ್ಲಿ ಹಿಂದಿಯ 'ಬಹಾರ್'ನಲ್ಲಿ ವೈಜಯಂತಿಮಾಲಾ ಅವರ ಜೊತೆ ಕಾಣಿಸಿಕೊಂಡರು. 1953ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಗುಣಸಾಗರಿ' ಬಂತು. ಇವನ್ನೆಲ್ಲ ಬೇಗ ದಾಟಿ 1954ಕ್ಕೆ ಬರುತ್ತೇನೆ. ಪಂಢರಿಬಾಯಿ ಎಂಥ ನಟಿ ಎಂದು ಮಕ್ಕಳು ಕೇಳಿದರೆ ಆ ಒಂದು ವರ್ಷವನ್ನು ತೋರಿಸಿದರೆ ಸಾಕು.

ಆ ವರ್ಷ ಏಪ್ರಿಲ್ ತಿಂಗಳಲ್ಲಿ ತಮಿಳಿನ 'ಅಂದ ನಾಳ್' ತೆರೆಗೆ ಬಂತು. ಎಸ್. ಬಾಲಚಂದರ್ ನಿರ್ದೇಶನ. ಹಾಡಿಲ್ಲ, ಕುಣಿತವಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಮದರಾಸಿನಲ್ಲಿ ರೇಡಿಯೊ ಎಂಜಿನಿಯರ್ ಒಬ್ಬನ ಕೊಲೆಯಾಗುತ್ತದೆ. ಪೊಲೀಸರು ಒಬ್ಬೊಬ್ಬರನ್ನೇ ಕೇಳುತ್ತ ಹೋದಂತೆ ಒಂದೇ ಸಾವಿಗೆ ಹಲವು ಕಥೆಗಳು ಹುಟ್ಟಿಕೊಳ್ಳುತ್ತವೆ. ಸತ್ತವನು ಶಿವಾಜಿ, ಅವನ ಹೆಂಡತಿ ಉಷಾ ನಮ್ಮ ಪಂಢರಿಬಾಯಿ. ಓದಿದ ಹೆಣ್ಣು, ದೇಶವೆಂದರೆ ಪ್ರಾಣ ಬಿಡುವವಳು. ಗಂಡ ಶತ್ರುಗಳಿಗೆ ಗುಟ್ಟು ಮಾರುತ್ತಿದ್ದಾನೆ ಎಂದು ಗೊತ್ತಾದಾಗ ಅವಳೊಳಗೆ ನಡೆಯುವುದನ್ನು ಹಾಡಿನ ನೆರವಿಲ್ಲದೆ, ಮುಖ ಒಂದರಲ್ಲೇ ತೋರಿಸಬೇಕು. ಗಂಡನನ್ನು ಪ್ರೀತಿಸುವುದನ್ನು ಒಂದು ಗಳಿಗೆಯೂ ಬಿಡದೆ ಅವನೆದುರು ಪಿಸ್ತೂಲು ಹಿಡಿದು ನಿಲ್ಲಬೇಕು. ನಿಂತರು.

ಮೇ ತಿಂಗಳಲ್ಲಿ 'ಬೇಡರ ಕಣ್ಣಪ್ಪ' ಬಂತು. ಗುಬ್ಬಿ ವೀರಣ್ಣನವರ ಕಂಪನಿಯ ನಾಟಕ, ಸಿಂಹ ಅವರ ನಿರ್ದೇಶನ. ಜಿ.ವಿ. ಅಯ್ಯರ್, ನರಸಿಂಹರಾಜು ಎಲ್ಲರೂ ಇದ್ದರು. ಮದರಾಸಿನ ಬಂಗಲೆಯ ಉಷಾ ಬೇಡರ ಹಟ್ಟಿಯ ನೀಲಾ ಆಗಿ ಬಂದಳು. ಅಪ್ಪನ ಮಟ್ಟಿಗೆ ಈ ಚಿತ್ರ ಹಬ್ಬವಿದ್ದಂತೆ. ಶಿವರಾತ್ರಿಯ ಸುತ್ತ ಹತ್ತು ಹಳ್ಳಿಗಳವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು, 'ಶಿವಪ್ಪ ಕಾಯೋ ತಂದೆ' ಹಾಡಿಗೆ ಟೆಂಟಿನಲ್ಲೇ ಕೈಮುಗಿಯುತ್ತಿದ್ದರು ಎಂದು ಹೇಳುತ್ತಿದ್ದರು. ರಾಜಕುಮಾರ್ ಅವರ ಕಣ್ಣಪ್ಪನ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಬರೆಯಲೇಬೇಕು. ಒಂದು ತಿಂಗಳ ಅಂತರದಲ್ಲಿ ಎರಡು ಭಾಷೆಗಳಲ್ಲಿ, ಎರಡು ಲೋಕಗಳಷ್ಟು ದೂರದ ಹೆಂಗಸರಾಗಿ ಜನರ ಮುಂದೆ ಬಂದ ನಟಿಯ ಬಗ್ಗೆ ಬರೆದದ್ದು ಎಷ್ಟು? ಇಬ್ಬರನ್ನೂ ಒಟ್ಟಿಗೆ ನೋಡಿದವರು ಎಷ್ಟು ಮಂದಿ?

1967ರ 'ಬೆಳ್ಳಿಮೋಡ'ವನ್ನೂ ಇಲ್ಲಿ ಹೇಳಬೇಕು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಎಲ್ಲರ ಬಾಯಲ್ಲೂ ಕಲ್ಪನಾ ಅವರ ಇಂದಿರಾ. ಆದರೆ ಕಥೆ ತಿರುಗುವುದು ಇಂದಿರೆಯ ತಾಯಿ ಬಹಳ ವರ್ಷಗಳ ಮೇಲೆ ಮತ್ತೆ ಬಸುರಾಗುವುದರಿಂದ. ಗಂಡು ಮಗು ಹುಟ್ಟಿದ ಮೇಲೆ ಆಸ್ತಿ ಮಗಳಿಗೆ ಸಿಗದೆಂದು ವರನ ಮನಸ್ಸೂ ತಿರುಗುತ್ತದೆ. ಮದುವೆಗೆ ಬಂದ ಮಗಳ ಮುಂದೆ ಬಸುರಿಯಾಗಿ ನಿಲ್ಲುವ ತಾಯಿಯ ಸಂಕೋಚ, ಆ ಸಂಕೋಚದ ಅಡಿಯಲ್ಲಿ ಮುಚ್ಚಿಟ್ಟುಕೊಳ್ಳಲಾಗದ ಸಂತೋಷ ಎರಡನ್ನೂ ಪಂಢರಿಬಾಯಿ ತೋರಿಸಿದ್ದಾರೆ. ನನ್ನ ಅಮ್ಮನಿಗೆ ನನ್ನ ಕೊನೆಯ ತಮ್ಮ ಹುಟ್ಟುವಾಗ ನನಗೆ ಹದಿನಾರು ವರ್ಷ. ಆ ದೃಶ್ಯಗಳನ್ನು ನೋಡಿದ ದಿನ ಅಮ್ಮ ಮನೆಗೆ ಬಂದು ನನ್ನ ತಲೆ ಬಾಚುತ್ತ ಬಹಳ ಹೊತ್ತು ಸುಮ್ಮನಿದ್ದಳು.

ಮಾನ್ಯರೇ, ಇನ್ನೊಂದು ಲೆಕ್ಕ ಕೊಡುತ್ತೇನೆ. ರಾಜಕುಮಾರ್ ಮತ್ತು ಪಂಢರಿಬಾಯಿ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. 1954ರಲ್ಲಿ ಆಕೆ ಅವರ ಹೆಂಡತಿ, 1965ರಲ್ಲಿ ಹೆಂಡತಿ, 1986ರ 'ಅನುರಾಗ ಅರಳಿತು'ವಿನಲ್ಲಿ ತಾಯಿ. ಅದೇ ಕಥೆ 1992ರಲ್ಲಿ ತಮಿಳಿನ 'ಮನ್ನನ್' ಆದಾಗ ರಜನೀಕಾಂತ್ ಅವರ ತಾಯಿಯೂ ಇವರೇ. 1969ರ 'ದೈವ ಮಗನ್' ಇನ್ನೂ ವಿಚಿತ್ರ. ಶಿವಾಜಿಯವರದು ಮೂರು ಪಾತ್ರ, ಅಪ್ಪ ಮತ್ತು ಇಬ್ಬರು ಮಕ್ಕಳು. ಪಂಢರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರು ಶಿವಾಜಿಗಳಿಗೆ ತಾಯಿ! ನಾಯಕರಿಗೆ ವಯಸ್ಸಾಗಲು ಸಿನಿಮಾ ಬಿಡುವುದಿಲ್ಲ, ನಾಯಕಿಯರಿಗೆ ಎಳವೆಯಲ್ಲೇ ನರೆ ಹಚ್ಚುತ್ತದೆ. ಇದಕ್ಕಾಗಿ ಆ ನಟರನ್ನು ನಾನು ದೂರುತ್ತಿಲ್ಲ. ಆದರೆ ಹೀಗೆ ಬಂದ ಅಮ್ಮನ ಪಾತ್ರಗಳ ರಾಶಿಯ ಕೆಳಗೆ ಉಷಾ, ನೀಲಾ, ಚಂದ್ರಮತಿ ಹೂತುಹೋಗಿದ್ದಾರೆ ಎಂಬ ಸಂಕಟ ನನ್ನದು. ತೆರೆಯ ಮೇಲೆ ನರೆತ ಕೂದಲು ಕಂಡವರಿಗೆ ಅದರ ಹಿಂದಿನ ಹದಿನೈದು ವರ್ಷಗಳು ಗೊತ್ತೇ ಇಲ್ಲ.

ಅವರ ಕೊನೆಯ ವರ್ಷಗಳು ಕಷ್ಟದವು. 1994ರಲ್ಲಿ ಬಸ್ ಅಪಘಾತವೊಂದರಲ್ಲಿ ಎಡಗೈ ಕಳೆದುಕೊಂಡರು. 2003ರ ಜನವರಿ 29ರಂದು ಚೆನ್ನೈಯಲ್ಲಿ ತೀರಿಕೊಂಡರು. ಅದಕ್ಕೆ ಸರಿಯಾಗಿ ಮೂರು ವಾರ ಮುಂಚೆ, ಜನವರಿ 8ರಂದು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲ್ಮುಗಳ, ಅಂದರೆ ಸುಲಭಕ್ಕೆ ಹತ್ತಿಕೊಳ್ಳುವ ಹಳೆಯ ಬಗೆಯ ಫಿಲ್ಮುಗಳ, ಉಗ್ರಾಣಕ್ಕೆ ಬೆಂಕಿ ಬಿದ್ದು ಭಾರತದ ಎಷ್ಟೋ ಹಳೆಯ ಚಿತ್ರಗಳು ಬೂದಿಯಾಗಿದ್ದವು. ಈ ಎರಡು ಸುದ್ದಿಗಳಿಗೆ ಸಂಬಂಧವಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅವು ಒಂದೇ ತಿಂಗಳ ಎರಡು ಸಾವುಗಳಾಗಿ ಉಳಿದಿವೆ.

ಬೆಂಕಿಯಾದರೆ ಎಲ್ಲರಿಗೂ ಕಾಣುತ್ತದೆ. ನನ್ನ ಪೆಟ್ಟಿಗೆಯಿಂದ ಬಂದ ಹುಳಿ ವಾಸನೆ ಯಾರಿಗೂ ಕಾಣದೆ ನಡೆಯುವ ಕೆಲಸ. ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲ್ಮು ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ, ನಿಜ. ಆದರೆ ಸೆಕೆ ಮತ್ತು ತೇವ ತಾಗುತ್ತ ಬಂದರೆ ಅದು ತನ್ನಷ್ಟಕ್ಕೆ ಕೊಳೆಯತೊಡಗುತ್ತದೆ. ಆಗ ಹೊಮ್ಮುವುದು ವಿನೆಗರಿನಲ್ಲಿರುವ ಅದೇ ಆಮ್ಲ. ಫಿಲ್ಮು ಕುಗ್ಗುತ್ತದೆ, ಮುದುಡುತ್ತದೆ, ಹಪ್ಪಳದಂತೆ ಮುರಿಯುತ್ತದೆ. ಒಂದು ಡಬ್ಬದಲ್ಲಿ ಹುಟ್ಟಿದ ಹುಳಿ ಪಕ್ಕದ ಡಬ್ಬಗಳನ್ನೂ ಕೆಡಿಸುತ್ತದೆ. ತಂಪಾದ ಒಣ ಕೋಣೆಯಲ್ಲಿಟ್ಟರೆ ಕೊಳೆಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅಷ್ಟರೊಳಗೆ ಚೌಕ ಚೌಕವನ್ನೂ ಸ್ಕ್ಯಾನ್ ಮಾಡಿ ಬೇರೆಡೆ ಇಳಿಸಿಕೊಂಡರೆ ಚಿತ್ರ ಉಳಿಯುತ್ತದೆ. ಅತಿಯಾಗಿ ಕುಗ್ಗಿಹೋದ ಮೇಲೆ ಯಂತ್ರಕ್ಕೆ ಕೊಡುವುದೇ ಕಷ್ಟ.

ಹೀಗೆ ಕಳೆದುಕೊಂಡ ಅನುಭವ ನಮಗೆ ಹೊಸದೇನೂ ಅಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ', ಕನ್ನಡದ ಮೊದಲ ವಾಕ್ಚಿತ್ರ, ಇಂದು ಒಂದು ಪ್ರತಿಯೂ ಉಳಿದಿಲ್ಲ. ಅದರ ನಾಯಕಿ ತ್ರಿಪುರಾಂಬ. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ನಾಯಕಿಯ ದನಿ ಹೇಗಿತ್ತು ಎಂದು ಹೇಳಬಲ್ಲವರು ಇನ್ನು ಯಾರಿದ್ದಾರೆ? ತ್ರಿಪುರಾಂಬ ಅವರಿಗಾದದ್ದು ಪಂಢರಿಬಾಯಿಯವರಿಗೂ ಆಗಬಾರದು.

ಭಯಕ್ಕೆ ಕಾರಣವಿದೆ. ಪಂಢರಿಬಾಯಿ ನಟಿಸಿದ 1955ರ 'ಸಂತ ಸಖು' ಚಿತ್ರದ ಕಥೆಯನ್ನು ಅಮ್ಮ ಎಷ್ಟೋ ರಾತ್ರಿ ಹೇಳಿ ನಮ್ಮನ್ನು ಮಲಗಿಸಿದ್ದಳು. ಅತ್ತೆಮನೆಯವರು ಕಂಬಕ್ಕೆ ಕಟ್ಟಿಹಾಕಿದ ಸಖುವನ್ನು ಬಿಡಿಸಿ, ಅವಳ ವೇಷ ತೊಟ್ಟು ತಾನೇ ಕಂಬಕ್ಕೆ ಕಟ್ಟಿಸಿಕೊಂಡ ವಿಠ್ಠಲ, ಅವಳನ್ನು ಪಂಢರಪುರಕ್ಕೆ ಕಳುಹಿಸಿದ ವಿಠ್ಠಲ. ಜ್ಞಾನೇಶ್ವರರು 'ಕಾನಡಾ ವಿಠ್ಠಲು' ಎಂದು ಕರೆದ ದೇವರು. ಪಂಢರಿ ಎಂಬ ಹೆಸರೂ ಅವನ ಊರಿನದೇ. ಪಂಢರಿಬಾಯಿಯವರ ತಂಗಿ ಮೈನಾವತಿ ಚಿತ್ರರಂಗಕ್ಕೆ ಬಂದದ್ದು ಆ ಚಿತ್ರದಿಂದ. ಅದನ್ನು ಒಮ್ಮೆ ನೋಡಬೇಕೆಂದು ಕೆಲವು ವರ್ಷಗಳ ಹಿಂದೆ ಹಳೆಯ ವಿತರಕರೊಬ್ಬರ ಕಚೇರಿಗೆ ಹೋಗಿದ್ದೆ. ಆ ಕಾಲದ ಪ್ರಿಂಟುಗಳನ್ನೆಲ್ಲ ಯಾವಾಗಲೋ ತೂಕಕ್ಕೆ ಹಾಕಿದೆವು ಎಂದರು ಅಲ್ಲಿದ್ದವರು. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುತ್ತದೆ, ಕರಗಿಸಿ ತೆಗೆಯುತ್ತಾರೆ. ನಾವು ಬೆಳ್ಳಿತೆರೆ ಎಂದು ಬಾಯಿತುಂಬ ಕರೆದದ್ದರ ಬೆಳ್ಳಿ ಹಾಗೆ ಹೋಯಿತು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗೋದಾಮಿನ ಬಾಡಿಗೆ ಕಟ್ಟುವವರಿಗೆ ಅದರ ಕಷ್ಟ ಗೊತ್ತು. ಕಾಪಾಡುವ ಕೆಲಸ ಅವರೊಬ್ಬರದಾಗಿರಲಿಲ್ಲ.

ಆದ್ದರಿಂದ ಅಕಾಡೆಮಿಯಲ್ಲಿ ನನ್ನ ವಿನಂತಿ ಹೀಗಿದೆ. ಪಂಢರಿಬಾಯಿಯವರು ಸಾವಿರ ಚಿತ್ರಗಳಲ್ಲಿ ನಟಿಸಿದರೆಂದು ಬರೆಯುತ್ತಾರೆ. ಆ ಸಾವಿರವನ್ನು ಹೆಸರು ಹಿಡಿದು, ಇಸವಿ ಹಿಡಿದು ಪಟ್ಟಿ ಮಾಡಿಸಿ. ಅದರಲ್ಲಿ ಕನ್ನಡದವು ಎಷ್ಟು, ಅವುಗಳ ನೆಗೆಟಿವ್ ಅಥವಾ ಪ್ರಿಂಟ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಪುಣೆಯ ಸಂಗ್ರಹಾಲಯ, ಚೆನ್ನೈಯ ಸ್ಟುಡಿಯೊಗಳು, ನಿರ್ಮಾಪಕರ ಮನೆತನಗಳು ಎಲ್ಲ ಕಡೆ ಕೇಳಿ ಬರೆದಿಡಿ. ಆ ಪಟ್ಟಿಯನ್ನು ಸಾರ್ವಜನಿಕರ ಮುಂದಿಡಿ. ಯಾರದೋ ಅಟ್ಟದಲ್ಲಿ ಒಂದು ಡಬ್ಬವಿದ್ದರೆ, ಇದು ಬೇಕಾಗಿದೆ ಎಂದು ಅವರಿಗೆ ತಿಳಿಯುವುದು ಆಗ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಫಿಲ್ಮಿಗೆಂದೇ ಒಂದು ತಂಪು ಕೋಣೆ ಬೇಕು. ಲಕ್ಷಾಂತರ ಲೀಟರ್ ಹಾಲನ್ನು ದಿನವೂ ಕೆಡದಂತೆ ಕಾಯುವ ನಾಡಿಗೆ ಇದು ಆಗದ ಕೆಲಸವಲ್ಲ.

ಹಣದ ಮಾತು ಬಂದೇ ಬರುತ್ತದೆ. 'ಸತ್ಯ ಹರಿಶ್ಚಂದ್ರ'ಕ್ಕೆ ಬಣ್ಣ ತುಂಬಿಸಿ 2008ರಲ್ಲಿ ಮತ್ತೆ ತೆರೆಗೆ ತಂದಾಗ ಜನ ಬಂದು ನೋಡಿದರು, ನಾನೂ ನೋಡಿದೆ. ಅದರ ಹಿಂದಿನ ಶ್ರಮಕ್ಕೆ ನನ್ನ ಗೌರವವಿದೆ. ಆದರೂ ಕಪ್ಪುಬಿಳುಪಿಗೆಂದೇ ಬೆಳಕು ಹಾಕಿ ತೆಗೆದ ಮುಖಕ್ಕೆ ಬಣ್ಣ ಹಚ್ಚಿದಾಗ ಏನೋ ಒಂದು ಮುಚ್ಚಿಹೋಗುತ್ತದೆ. ನನ್ನ ತುಂಡಿನಲ್ಲಿ ಚಂದ್ರಮತಿಯ ಎಡಗೆನ್ನೆ ಪೂರ್ತಿ ಕತ್ತಲು, ಬಲಗಣ್ಣಿನ ಅಂಚಿನಲ್ಲಿ ಒಂದು ಬಿಳಿ ಗೆರೆ. ಛಾಯಾಗ್ರಾಹಕರು ಅಳೆದು ಇಟ್ಟ ಆ ಕತ್ತಲನ್ನು ಹಾಗೆಯೇ ಉಳಿಸಿಕೊಡಿ. ಗೀರು ತೆಗೆಯಿರಿ, ದನಿಯ ಕರಕರ ತೆಗೆಯಿರಿ, ಅಷ್ಟು ಸಾಕು.

ನೀವು ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಒಂದು ದಿನವನ್ನು ಅವರಿಗಾಗಿ ಇಡಿ. ಬೆಳಿಗ್ಗೆ 'ಅಂದ ನಾಳ್', ಮಧ್ಯಾಹ್ನ 'ಬೇಡರ ಕಣ್ಣಪ್ಪ', ಸಂಜೆ 'ಬೆಳ್ಳಿಮೋಡ'. ಭಾಷಣ ಕಡಿಮೆ ಇರಲಿ. ಹೊಸ ನಟಿಯರು ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ. ಆಮೇಲೆ ಆ ಚಿತ್ರಗಳು ಭಟ್ಕಳಕ್ಕೆ ಬರಲಿ. ಹುಟ್ಟಿದ ಊರಿನ ಮಕ್ಕಳು, ತಮ್ಮ ಊರಿನಿಂದ ಹೊರಟ ಹರಿಕಥೆ ಹುಡುಗಿಯೊಬ್ಬಳು ಎಷ್ಟು ದೂರ ನಡೆದಳು ಎಂಬುದನ್ನು ದೊಡ್ಡ ಪರದೆಯ ಮೇಲೆ ಒಮ್ಮೆ ನೋಡಲಿ. ಬಯಲಿನಲ್ಲಿ ತೆರೆ ಕಟ್ಟಿದರೂ ಆದೀತು, ಡಿಸೆಂಬರಿನಲ್ಲಿ ಇಲ್ಲಿ ಮಳೆಯಿರುವುದಿಲ್ಲ.

ಅಪ್ಪನ ಪೆಟ್ಟಿಗೆಯ ಆ ಮೂರು ಅಡಿ ನನ್ನ ಬಳಿ ಇದೆ. ಪ್ಲಾಸ್ಟಿಕ್ಕಿನಲ್ಲಿ ಉಸಿರುಗಟ್ಟಿಸಿ ಇಡಬಾರದೆಂದು ತಿಳಿದ ಮೇಲೆ ಒಳ್ಳೆಯ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಮನೆಯಲ್ಲಿ ಅತಿ ತಂಪಾದ ಕಪಾಟಿನಲ್ಲಿ ಇಟ್ಟಿದ್ದೇನೆ. ಅಂಚು ಆಗಲೇ ಸ್ವಲ್ಪ ಸುರುಳಿಕಟ್ಟುತ್ತಿದೆ. ಅಕಾಡೆಮಿಯವರು ಯಾವ ದಿನ ಬರಹೇಳಿದರೂ ನಾನೇ ತಂದು ಒಪ್ಪಿಸುತ್ತೇನೆ. ಮಳೆಗಾಲಕ್ಕೆ ಮುಂಚೆ ಕರೆದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಟೂರಿಂಗ್ ಟಾಕೀಸ್ ಆಪರೇಟರ್ ಒಬ್ಬರ ಮಗಳು
ಉತ್ತರ ಕನ್ನಡ ಜಿಲ್ಲೆ